ಎಸ್ಟೀಮ್‌ನ 1298 ಹೆಂಗ 1383 ಆತು, ಮತ್ತ ರೆಡ್‌ಲೈನ್ ಯಾಕ ಕೆಳಗ ಇಳೀತು

ಗಾಡಿ ಮಾರುತಿ ಎಸ್ಟೀಮ್, ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಕೊಡೋ ಪದ್ಧತಿ) ಬಂದ ಮ್ಯಾಲಿಂದು. ಎಂಜಿನ್ ಜಿ13ಬಿಬಿ, 16 ವಾಲ್ವ್, ಬೋರ್ (ಸಿಲಿಂಡರಿನ ಅಗಲ) 74 ಎಂಎಂ, ಸ್ಟ್ರೋಕ್ (ಪಿಸ್ಟನ್ ಮ್ಯಾಲ ಕೆಳಗ ಓಡೋ ದೂರ) 75.5 ಎಂಎಂ, ಲೆಕ್ಕಾ ಹಾಕಿದ್ರ 1298 ಸಿಸಿ. ಇದೇ ಎಂಜಿನ್ ಜಿಪ್ಸಿಯೊಳಗೂ ಬಂದೈತಿ, ಹಂಗಾಗಿ ಬೆಳಗಾವಿಯಂಥಾ ಮಿಲಿಟರಿ ಊರಾಗ ಇದರ ಬ್ಲಾಕ್, ಹೆಡ್, ಕ್ರ್ಯಾಂಕ್ ಹುಡುಕಾಕ ಭಾಳ ತಿರಗೂದೇನ ಬೇಕಾಗಂಗಿಲ್ಲ. ಗಾಡಿ ಮಾಲೀಕ ಟಿಳಕವಾಡಿ ಕಡ್ಯಾಂವ, ಮಣ್ಣಿನ ಟ್ರ್ಯಾಕ್‌ನ್ಯಾಗ ಆಟೋಕ್ರಾಸ್ ಓಡಸ್ತಾನ, ಅಂವ ಓಡ್ಸೋ ಕ್ಲಾಸಿಗೆ 1400 ಸಿಸಿ ಮಿತಿ. 1298 ಎಲ್ಲಿ 1400 ಎಲ್ಲಿ, ನಡುವಿನ ನೂರು ಸಿಸಿ ಸುಮ್ನ ಬಿಡೂದ್ಯಾಕ ಅಂತ ಅಂವನ ಮಾತು, ಅದರ ಜೋಡಿ ಎಂಜಿನ್ 7800 ಆರ್‌ಪಿಎಂ ತನಕಾ ತಿರಗಬೇಕು ಅನ್ನೋದು ಇನ್ನೊಂದು ಮಾತು. ಮೊದಲನೇದು ಆತು. ಎರಡನೇದು ಆಗ್ಲಿಲ್ಲ, ಯಾಕ ಆಗ್ಲಿಲ್ಲ ಅನ್ನೋದರಾಗೇ ಈ ಪ್ರಕರಣದ ಹೂರಣ ಐತಿ.

ಸ್ಟ್ರೋಕರ್ ಅಂದ್ರ ಗೊತ್ತಿಲ್ದವ್ರಿಗೆ ಒಂದ ಮಾತು: ಬೋರ್ ಬಿಟ್ಟು ಕ್ರ್ಯಾಂಕಿನ ಥ್ರೋ, ಅಂದ್ರ ಕ್ರ್ಯಾಂಕ್ ತಿರಗೋ ಕೇಂದ್ರದಿಂದ ರಾಡ್ ಹಿಡಿಯೋ ಪಿನ್ನಿನ ಕೇಂದ್ರಕ್ಕ ಇರೋ ದೂರ, ಹೆಚ್ಚ ಮಾಡಿ ಸಿಸಿ ಏರ್ಸೂದು; ಥ್ರೋದ ಎರಡ ಪಟ್ಟೇ ಸ್ಟ್ರೋಕ್. ಕಂಪನಿಗಳೂ ಮಾಡ್ತಾವ. ಪಲ್ಸರ್ 200 ಡಿಟಿಎಸ್‌ಐ ನೋಡ್ರಿ, ಬೋರ್ 67, ಸ್ಟ್ರೋಕ್ 56.4, 198.8 ಸಿಸಿ. 220ರಾಗ ಬೋರ್ ಅದೇ 67, ಸ್ಟ್ರೋಕ್ ಮಾತ್ರ 62.4, ಆತು 220. ಅಮೆರಿಕಾದಾಗ ಶೆವ್ರೊಲೆ ಕಂಪನಿಯ 350 ಘನ ಇಂಚಿನ ಬ್ಲಾಕಿಗೆ 400ರ ಕ್ರ್ಯಾಂಕ್ ಇಳಸಿ 383 ಮಾಡೂದು ಎಷ್ಟೋ ದಶಕದ ರೂಢಿ, ಸ್ಟ್ರೋಕ್ 3.48 ಇಂಚಿಂದ 3.75 ಇಂಚು ಅಕ್ಕೈತಿ, ಆದ್ರ 400ರ ಮೇನ್ ಜರ್ನಲ್ (ಬ್ಲಾಕಿನ್ಯಾಗ ಕೂತು ತಿರಗೋ ಕ್ರ್ಯಾಂಕಿನ ದುಂಡ ಭಾಗ) 2.65 ಇಂಚು, 350ರ ಬ್ಲಾಕಿಗೆ ಬೇಕಾದದ್ದು 2.45, ಹಂಗಾಗಿ ಮೇನ್ ಕೊರದು ಸಣ್ಣ ಮಾಡಬೇಕು.

ನಮ್ಮ ಮಾಲೀಕಂಗೂ ಹಂಥಾದ್ದೇ ವಿಚಾರ ಇತ್ತು. ಹಳೇ ಬಲೇನೋದ ಜಿ16ಬಿ ಎಂಜಿನ್ ಬೋರ್ 75, ಸ್ಟ್ರೋಕ್ 90, ಆ ಕ್ರ್ಯಾಂಕ್ ತಂದು ಜಿ13 ಬ್ಲಾಕಿನ್ಯಾಗ ಕೂಡ್ರಿಸೋಣು ಅಂದ. ಎರಡು ಅಡ್ಡಿ. ಒಂದು, ಜಿ16ರ ಮೇನ್ ಜರ್ನಲ್ 52 ಎಂಎಂ, ಜಿ13ರದ್ದು 45, ಅಂದ್ರ ಡಯಾಮೀಟರ್‌ದಾಗ 7 ಎಂಎಂ ಹಾರಸ್ಬೇಕು, ಹಾರಿಸಿದ್ರ ಗಟ್ಟಿ ಪದರ ಎಲ್ಲಾ ಹೋಗಿ ಒಳಗಿನ ಮೆತ್ತಗಿನ ಲೋಹ ಮ್ಯಾಲ ಬರ್ತೈತಿ. ಎರಡು, 90 ಸ್ಟ್ರೋಕಿಗೆ 1500 ಸಿಸಿ ದಾಟತೈತಿ, ಕ್ಲಾಸೇ ಬದಲಾಕ್ಕೈತಿ. ಅಲ್ಲಿಗೆ ಆ ಮಾತು ಮುಗೀತು.

ಉಳಿದದ್ದು ಆಫ್‌ಸೆಟ್ ಗ್ರೈಂಡಿಂಗ್. ಇದು ಉದ್ಯಮಬಾಗದಾಗ ಕೂತು ವಿಚಾರ ಮಾಡೋ ಮಂದಿಗೆ ಸಹಜ ದಾರಿ, ಫೌಂಡ್ರಿ, ಹೈಡ್ರಾಲಿಕ್ಸ್, ಕ್ರ್ಯಾಂಕ್‌ಶಾಫ್ಟ್ ಮಷಿನಿಂಗ್ ಇವೇ ಈ ಊರಿನ ಕಸಬು, ಕ್ರ್ಯಾಂಕ್ ಗ್ರೈಂಡರ್ ಮುಂದ ವಯಸ್ಸು ಕಳೆದ ಹಿರಿಯರು ಶೆಡ್ಡಿಗೊಬ್ಬರು ಸಿಗ್ತಾರ. ಆಫ್‌ಸೆಟ್ ಅಂದ್ರ ಕ್ರ್ಯಾಂಕ್ ಪಿನ್ನ (ಪಿಸ್ಟನ್ನಿನ ರಾಡ್ ಹಿಡಕೊಳ್ಳೋ ದುಂಡ ಭಾಗ) ಇದ್ದ ಜಾಗಾದಾಗೇ ಸಣ್ಣ ಮಾಡೂದಲ್ಲ, ಕೇಂದ್ರಾನ ಹೊರಗ ಸರಸಿ ಸಣ್ಣ ಮಾಡೂದು. ಜಿ13ರ ಪಿನ್ 42 ಎಂಎಂ. ಅದನ್ನ 38 ಮಾಡಿದ್ರ, ಒಳ ಮಗ್ಗಲಿನಿಂದಷ್ಟೇ ಲೋಹ ತಗದ್ರ, ಕೇಂದ್ರ 2 ಎಂಎಂ ಹೊರಗ ಹೋಗಿ ಸ್ಟ್ರೋಕ್ 4 ಎಂಎಂ ಏರ್ತೈತಿ. ಇದು ಕಾಗದದ ಲೆಕ್ಕ. ಖರೇಕ್ಕೂ ಹೊರ ಮಗ್ಗಲಕ್ಕೂ ಕಲ್ಲು ಸ್ವಲ್ಪ ತಾಗಬೇಕು, ಇಲ್ಲಂದ್ರ ಹಳೇ ಗೀರು, ಹಳೇ ಸವಕಳಿ ಹಂಗೇ ಉಳೀತಾವ, ಹಂಗಾಗಿ 1.9 ಎಂಎಂ ಅಷ್ಟೇ ಸರಸಿದ್ವಿ. ಸ್ಟ್ರೋಕ್ 79.3. ಬೋರ್ 0.50 ಓವರ್‌ಸೈಜ್, 74.5. ಒಂದು ಸಿಲಿಂಡರಿಗೆ 345.7, ನಾಲ್ಕಕ್ಕೂ 1383 ಸಿಸಿ. ಮಿತಿಗಿಂತಾ ಸ್ವಲ್ಪ ಕೆಳಗ ಇದ್ದದ್ದು ಬೇಕಂತ್ಲೇ, ನಾಳೆ ಬೋರ್ ಸವದು ಅಳತಿ ಏರಿದ್ರೂ ಸ್ಪರ್ಧೆಯ ತಪಾಸಣಿಯೊಳಗ ತಕರಾರು ಬರಬಾರದು.

ಈಗ ಸಾಲದ ಬಾಬತ್ತು, ಅಂದ್ರ ಸಿಸಿ ಏರಿಸಿದ್ದಕ್ಕ ಕ್ರ್ಯಾಂಕ್ ಎಷ್ಟ ಗಟ್ಟಿತನ ಕಳಕೊಂತು ಅನ್ನೋದು. ಕ್ರ್ಯಾಂಕಿನ ಗಟ್ಟಿತನ ಪಿನ್ ದಪ್ಪದ ಮ್ಯಾಲಷ್ಟೇ ಇಲ್ಲ, ಓವರ್‌ಲ್ಯಾಪ್ ಮ್ಯಾಲೂ ಐತಿ, ಅಂದ್ರ ಎದುರಿಂದ ನೋಡಿದ್ರ ಮೇನ್ ಜರ್ನಲ್ಲಿನ ದುಂಡೂ ಪಿನ್ನಿನ ದುಂಡೂ ಒಂದರ ಮ್ಯಾಲೊಂದು ಎಷ್ಟ ಹಾದು ನಿಂತಾವು ಅನ್ನೋದು. ಸ್ಟಾಕ್, ಅಂದ್ರ ಕಂಪನಿಯಿಂದ ಬಂದಂಗ ಇರೋ ಕ್ರ್ಯಾಂಕ್ ಒಳಗ ಮೇನಿನ ಅರ್ಧ 22.5, ಪಿನ್ನಿನ ಅರ್ಧ 21, ಕೂಡಿಸಿ ಅದರಾಗ ಥ್ರೋ 37.75 ಕಳದ್ರ 5.75 ಎಂಎಂ ಓವರ್‌ಲ್ಯಾಪ್. ನಮ್ಮ ಹೊಸಾದರಾಗ 22.5 ಕೂಡಿಸು 19, ಕಳೀ 39.65, ಉಳದದ್ದು 1.85 ಎಂಎಂ. ಮೂರನೇ ಒಂದ ಪಾಲು ಸೈತ ಉಳೀಲಿಲ್ಲ. ಇದರ ಮ್ಯಾಲ ಪಿನ್ನಿನ ಬಾಗೋ ತಾಕತ್ತು ಡಯಾಮೀಟರ್‌ನ ಘನದ ಲೆಕ್ಕದಾಗ ಇಳೀತೈತಿ, 38ನ್ನ 42ರಿಂದ ಭಾಗಿಸಿ ಮೂರು ಸಲ ಗುಣಿಸಿದ್ರ 0.74. ಅಂದ್ರ ಪಿನ್ ಸುಮಾರು 26 ಪರ್ಸೆಂಟ್ ಸೊರಗ್ತು. ಸಿಸಿ ಏರಿದ್ದು ಆರೂವರಿ ಪರ್ಸೆಂಟ್, ಪಿನ್ ಕಳಕೊಂಡದ್ದು ಅದರ ನಾಲ್ಕು ಪಟ್ಟು. ಹಗುರಾದ ರಾಡ್ ಹಗುರಾದ ಪಿಸ್ಟನ್ ಅಂದ್ರ ಎಲ್ಲಾರೂ ಎಂಜಿನ್ ಲಗೂ ಏರ್ತೈತಿ ಅಂತ ಖುಷಿ ಪಡ್ತಾರ, ನನ್ನ ಪ್ರಕಾರ ಆಫ್‌ಸೆಟ್ ಮಾಡಿದ ಕ್ರ್ಯಾಂಕಿಗೆ ಹಗುರತನ ಶೋಕಿ ಅಲ್ಲ, ಕ್ರ್ಯಾಂಕಿನಿಂದ ಎತ್ತಿದ ಸಾಲದ ಕಂತು.

ಸಾಲ ಎಷ್ಟು ಅಂತ ನಂಬರಿನ್ಯಾಗ ಹಿಡದ್ವಿ. ಪಿಸ್ಟನ್ ಟಾಪ್‌ನ್ಯಾಗ ತಿರುಗಿ ಕೆಳಗ ಹೊರಡೋ ಕ್ಷಣದಾಗ ಇರೋ ವೇಗೋತ್ಕರ್ಷ ಅಂದ್ರ ಥ್ರೋ ಗುಣಿಸು ತಿರಗೋ ವೇಗದ ವರ್ಗ, ಅದಕ್ಕ ಒಂದು ಕೂಡಿಸು ಥ್ರೋ ಭಾಗಿಸು ರಾಡ್ ಉದ್ದದ ಗುಣಾಕಾರ. 7000 ಆರ್‌ಪಿಎಂಗೆ ಸ್ಟಾಕ್ ಎಂಜಿನ್, ರಾಡ್ 120 ಎಂಎಂ, ಸುಮಾರು 26,670 ಮೀಟರ್ ಪ್ರತಿ ಸೆಕೆಂಡ್ ವರ್ಗ. ಹೊಸಾದು 28,230. ಆರು ಪರ್ಸೆಂಟ್ ಹತ್ರ ಹೆಚ್ಚು. ಪಿನ್ 26 ಪರ್ಸೆಂಟ್ ಸೊರಗೇತಿ, ಎಳತ (ಟಾಪ್‌ನ್ಯಾಗ ಪಿಸ್ಟನ್ ತಿರುಗೋವಾಗ ಪಿನ್ನನ್ನ ಜಗ್ಗೋ ಬಲ) 6 ಪರ್ಸೆಂಟ್ ಏರೇತಿ, ಎರಡನ್ನೂ ತೂಕ ಇಳಿಸೇ ಸರಿದೂಗಿಸ್ಬೇಕಂದ್ರ ಮ್ಯಾಲ ಕೆಳಗ ಹೋಗೋ ತೂಕ 30 ಪರ್ಸೆಂಟ್ ಕಮ್ಮಿ ಆಗಬೇಕು. ರಸ್ತಾದ ಮ್ಯಾಲೂ ಓಡಬೇಕಾದ ಎಂಜಿನ್ನಿಗೆ ಇದು ಆಗೂ ಮಾತಲ್ಲ.

ರಾಡ್ ಉದ್ದದ ಬಗ್ಗೆ ಭಾಳ ಮಂದಿ ಭಾಳ ಮಾತಾಡ್ತಾರ, ಉದ್ದ ರಾಡ್ ಹಾಕಿದ್ರ ಹಂಗ ಅಕ್ಕೈತಿ ಹಿಂಗ ಅಕ್ಕೈತಿ ಅಂತ. ನಾವು 122 ಎಂಎಂ ಹಾಕಿದ್ವಿ. 120 ಇದ್ದಿದ್ರ ಮ್ಯಾಲ ಹೇಳಿದ ವೇಗೋತ್ಕರ್ಷದಾಗ ಅರ್ಧ ಪರ್ಸೆಂಟ್ ಸೈತ ಫರಕ್ ಬರ್ತಿರಲಿಲ್ಲ, ಅದರ ಸಲುವಾಗಿ ಯಾರೂ ರಾಡ್ ಉದ್ದ ಮಾಡಬ್ಯಾಡ್ರಿ. ನಮ್ಮ ಕಾರಣ ಬ್ಯಾರೆ. ಪಿಸ್ಟನ್ ಕೆಳಗ ಬಂದಾಗ ಗಜನ್ ಪಿನ್ (ಪಿಸ್ಟನ್ನಿಗೂ ರಾಡಿಗೂ ಜೋಡಸೋ ಪಿನ್) ಎಲ್ಲಿ ನಿಲ್ತೈತಿ ಅಂದ್ರ ರಾಡ್ ಉದ್ದದಾಗ ಥ್ರೋ ಕಳದಷ್ಟು ದೂರಕ್ಕ: ಸ್ಟಾಕ್ 120ರಾಗ 37.75 ಹೋದ್ರ 82.25, ನಮ್ಮದು 122ರಾಗ 39.65 ಹೋದ್ರ 82.35. ಅಂದ್ರ ಕೆಳಗಿನ ತುದಿಯೊಳಗ ಪಿಸ್ಟನ್ ಕಂಪನಿ ಇಟ್ಟ ಜಾಗಾದಾಗೇ ನಿಲ್ತೈತಿ, ಕೌಂಟರ್‌ವೇಟಿಗೆ (ಕ್ರ್ಯಾಂಕಿನ ಸಮತೋಲದ ಭಾರ) ಸ್ಕರ್ಟ್ (ಪಿಸ್ಟನ್ನಿನ ಕೆಳಗಿನ ಗ್ವಾಡಿ) ತಾಗೋ ಚಿಂತಿ ಇಲ್ಲ. 120ರ ರಾಡೇ ಇದ್ದಿದ್ರ ಪಿಸ್ಟನ್ ಸುಮಾರು 2 ಎಂಎಂ ಕೆಳಗ ಬಂದು ಸ್ಕರ್ಟ್ ಕತ್ತರಿಸ್ಬೇಕಾಗ್ತಿತ್ತು, ಸ್ಕರ್ಟ್ ಕತ್ತರಿಸಿದ ಪಿಸ್ಟನ್ ತೂಗಾಡ್ತೈತಿ. ಮ್ಯಾಲಿನ ತುದಿಯೊಳಗ ಮಾತ್ರ ಗಜನ್ ಪಿನ್ 3.9 ಎಂಎಂ ಎತ್ತರಕ್ಕ ಬರ್ತೈತಿ, ಅಂದ್ರ ಪಿನ್ ಮ್ಯಾಲಿಂದ ಪಿಸ್ಟನ್ ತಲಿ ತನಕಾ ಇರೋ ಎತ್ತರ ಅಷ್ಟೇ ಕಮ್ಮಿ ಆಗಬೇಕು. ಇದು ನಮಗ ಲಾಭದ್ದೇ, ಗಿಡ್ಡ ಪಿಸ್ಟನ್ ಅಂದ್ರ ಹಗುರ ಪಿಸ್ಟನ್.

ಬಿಗ್ ಎಂಡ್ ಕಡೆ, ಅಂದ್ರ ರಾಡ್ ಕ್ರ್ಯಾಂಕಿಗೆ ಕೂಡೋ ತುದಿಯೊಳಗ, ಇನ್ನೊಂದು ಚಲೋ ಸಂಗತಿ. ಕ್ರ್ಯಾಂಕ್ ಪಿನ್ ಸಣ್ಣಾತು, ಸುಮಾರು ಒಂದೂವರಿ ಎಂಎಂ ದಪ್ಪದ ಶೆಲ್ (ಬೇರಿಂಗ್ ಪಟ್ಟಿ) ಹಿಡದ್ರ ರಾಡಿನ ದೊಡ್ಡ ತೂತು 45ರ ಬದಲು 41 ಎಂಎಂ ಸಾಕು, ಹಂಗಾಗಿ ರಾಡಿನ ತಲಿ ಸಣ್ಣದಾತು, ಥ್ರೋ ಹೊರಗ ಸರದ್ರೂ ಬೋಲ್ಟಿನ ಭುಜ ಬ್ಲಾಕಿನ ಗ್ವಾಡಿಗೆ ಮೊದಲಿಗಿಂತಾ ಹತ್ತರ ಬರ್ಲಿಲ್ಲ. ಬ್ಲಾಕಿನ್ಯಾಗ ಗ್ರೈಂಡರ್ ಹಿಡದು ಕುಣಿ ತೋಡೋ ಕೆಲಸ ಬರ್ಲಿಲ್ಲ. ಸ್ಟಾಕ್ ರಾಡ್ ಹಾಕೂದಂತೂ ಇಲ್ಲಿ ಸಾಧ್ಯನೇ ಇಲ್ಲ, 38ರ ಪಿನ್ನಿಗೆ ಅದು ಸಡಿಲ, ಕಸ್ಟಮ್ ರಾಡ್ ಕಡ್ಡಾಯ.

ರಾಡ್‌ಗಳನ್ನ ಇಲ್ಲೇ ಮಾಡಿಸಿದ್ವಿ, ಇಎನ್24 ಫೋರ್ಜ್ಡ್ ಬಾರ್‌ದಿಂದ, ಹೊರಗಿನವರು 4340 ಅನ್ನೋದಕ್ಕ ಹತ್ರದ ಉಕ್ಕು. ಐ ಬೀಮ್ ಆಕಾರ. ಎಚ್ ಬೀಮ್ ನೋಡಾಕ ಭಾರಿ ಕಾಣ್ತೈತಿ ಅಂತ ಮಾಲೀಕ ಹಠ ಹಿಡದಿದ್ದ, ಟರ್ಬೋ ಇಲ್ಲದ ಈ ಎಂಜಿನ್ನಿಗೆ ಅದರ ತೂಕ ದಂಡ. ವಿಎಂಸಿ (ಕಂಪ್ಯೂಟರ್ ನಡಸೋ ಕಡಿಯೋ ಮಷಿನ್) ಮ್ಯಾಲ ಕಡದು, ಹೀಟ್ ಟ್ರೀಟ್ ಮಾಡಿ, ಶಾಟ್ ಪೀನ್ (ಸಣ್ಣ ಗುಂಡು ಹೊಡದು ಮೈ ಗಟ್ಟಿ ಮಾಡೂದು) ಮಾಡಿ, ಆಮ್ಯಾಲೆ ಎರಡೂ ತೂತು ಹೋನ್ ಮಾಡಿಸಿದ್ವಿ. ಬಿಗ್ ಎಂಡ್ ಅಗಲ ಸ್ಟಾಕಿನಷ್ಟೇ ಇಟ್ವಿ, ಅದು ಸೈಡ್ ಕ್ಲಿಯರೆನ್ಸಿಗೆ ಬೇಕು. ಬೋಲ್ಟ್ ಮಾತ್ರ ಹೊರಗಿಂದು, ಅಮೆರಿಕಾದ ಎಆರ್‌ಪಿ ಕಂಪನೀದು. ರಾಡ್ ಬೋಲ್ಟ್ ವಿಷಯದಾಗ ಉಳಿತಾಯದ ವಿಚಾರ ಮಾಡೋರ ಜೋಡಿ ನಾ ವಾದ ಮಾಡಂಗಿಲ್ಲ, ಸುಮ್ನ ಎದ್ದ ಹೋಗ್ತೀನಿ.

ಪಿಸ್ಟನ್ ಇಲ್ಲಿ ಆಗೋ ಮಾತಲ್ಲ. ಇಷ್ಟೊಂದು ಮಷಿನ್ ಇರೋ ಊರಾಗ ನಾಲ್ಕು ಪಿಸ್ಟನ್ ಯಾಕ ಆಗಂಗಿಲ್ಲ ಅಂತ ಮಾಲೀಕ ಕೇಳಿದ, ಪ್ರಶ್ನೆ ಬರೋಬ್ಬರಿ ಐತಿ. ಪಿಸ್ಟನ್ ದುಂಡಗ ಇರಂಗಿಲ್ಲ. ಪಿನ್ ಇರೋ ದಿಕ್ಕಿಗೆ ಸಣ್ಣ, ಅದಕ್ಕ ಅಡ್ಡ ದೊಡ್ಡ, ಮ್ಯಾಲಿಂದ ಕೆಳಗ ಪೀಪಾಯಿ ಹಂಗ ಉಬ್ಬು, ಬಿಸಿ ಆದಾಗ ದುಂಡಗ ಆಗಲಿ ಅಂತ ತಣ್ಣಗಿದ್ದಾಗ ಓರೆ ಮಾಡಿರ್ತಾರ. ಆ ಆಕಾರ ಎಷ್ಟಿರಬೇಕು ಅನ್ನೋದು ವರ್ಷಗಟ್ಲೆ ಪಿಸ್ಟನ್ ಸುಟ್ಟು ಕಲಿತವ್ರ ಹತ್ರ ಐತಿ, ಫೋರ್ಜಿಂಗ್ ಡೈ ಬ್ಯಾರೆ ಬೇಕು. ಡ್ರಾಯಿಂಗ್ ನಾವು ಕೊಟ್ವಿ, ಮಾಡಿದವರು ಪರದೇಶದವರು.

ಪಿಸ್ಟನ್ನಿಗೆ ಅಲ್ಯುಮಿನಿಯಂ ಮಿಶ್ರಲೋಹ ಯಾವುದು ಅನ್ನೋದರ ಮ್ಯಾಲ ಜಗ್ಗಾಟ ಆತು. 2618 ಗಟ್ಟಿ, ಪೆಟ್ಟು ತಡೀತೈತಿ, ಆದ್ರ ಸಿಲಿಕಾನ್ ಇಲ್ಲದಷ್ಟೇ ಕಮ್ಮಿ, ಬಿಸಿಗೆ ಭಾಳ ಹಿಗ್ಗತೈತಿ, ಬೋರಿನ್ಯಾಗ ಹೆಚ್ಚು ಸಡಿಲ ಬಿಡಬೇಕು. 4032ರಾಗ ಸಿಲಿಕಾನ್ ಸುಮಾರು 12 ಪರ್ಸೆಂಟ್, ಕಮ್ಮಿ ಹಿಗ್ಗತೈತಿ, ಬಿಗಿ ಕೂಡ್ರತೈತಿ, ತೂಕಾನೂ ಒಂದೀಟು ಕಮ್ಮಿ. ಟರ್ಬೋ ಇಲ್ಲ ನೈಟ್ರಸ್ ಇಲ್ಲ, ಮಾಲೀಕ ಗಾಡಿ ಟ್ರೇಲರ್ ಮ್ಯಾಲ ಒಯ್ಯಂಗಿಲ್ಲ, ಓಡಿಸ್ಕೊಂಡೇ ಟ್ರ್ಯಾಕಿಗೆ ಹೋಗ್ತಾನ, ಅದಕ್ಕ 4032. ಇನ್ನ ರಿಂಗ್. ಪಿಸ್ಟನ್ 3.9 ಎಂಎಂ ಗಿಡ್ಡ ಆದ್ರ ಸ್ಟಾಕ್ ದಪ್ಪದ ರಿಂಗ್ ಇಟ್ಟಾಗ ಆಯಿಲ್ ರಿಂಗ್ ಕೂಡ್ರೋ ಗ್ರೂವ್ ಗಜನ್ ಪಿನ್ನಿನ ತೂತಿಗೆ ಹಾಯತೈತಿ. ಹಾದ್ರ ಸಪೋರ್ಟ್ ರೇಲ್ ಹಾಕಿ ನಡಸ್ತಾರ, ಮಾಡೋರು ಮಾಡ್ತಾರ, ನಮಗ ಬ್ಯಾಡ ಅನಿಸ್ತು. 1.0, 1.2, 2.0 ಎಂಎಂ ರಿಂಗ್ ಪ್ಯಾಕ್ ತೊಗೊಂಡ್ವಿ, ಗಜನ್ ಪಿನ್ನೂ ಗಿಡ್ಡದು, ಒಳಗ ಟೇಪರ್ ಕೊರದದ್ದು. ಎಲ್ಲಾರೂ ಮರೆಯೋದು ಈ ಪಿನ್ನೇ, ಪಿಸ್ಟನ್ ಅಷ್ಟ ಗ್ರಾಂ ಇಷ್ಟ ಗ್ರಾಂ ಅಂತ ಹೇಳ್ತಾರ, ಒಳಗಿನ ಉಕ್ಕಿನ ತುಂಡು ಅದೂ ಜೋಡೀಲೆ ಮ್ಯಾಲ ಕೆಳಗ ಹೋಗ್ತೈತಿ ಅನ್ನೋದು ನೆನಪಿರಂಗಿಲ್ಲ.

ತಕ್ಕಡಿ ಲೆಕ್ಕ ಹಿಂಗ ಬಂತು. ಸ್ಟಾಕ್ ಪಿಸ್ಟನ್ 252 ಗ್ರಾಂ, ಪಿನ್ 72, ರಿಂಗ್ 26, ರಾಡಿನ ಸಣ್ಣ ತುದಿ 132, ಒಟ್ಟು 482. ಹೊಸಾದು ಪಿಸ್ಟನ್ 206, ಪಿನ್ 54, ರಿಂಗ್ 18, ಸಣ್ಣ ತುದಿ 98, ಒಟ್ಟು 376. ಇಳಿದದ್ದು 22 ಪರ್ಸೆಂಟ್. ಇದರಾಗ ಪಿಸ್ಟನ್ ಒಂದರಿಂದ ಬಂದದ್ದು ಅರ್ಧಕ್ಕೂ ಕಮ್ಮಿ, ನೋಡ್ರಿ, ಉಳಿದದ್ದೆಲ್ಲಾ ಪಿನ್, ರಿಂಗ್, ಸಣ್ಣ ತುದಿಯಿಂದ. ಬಿಗ್ ಎಂಡ್ ಕಡೆ ತೂಕಾನೂ 318ರಿಂದ 262ಕ್ಕ ಬಂತು, ಆದ್ರ ಅದು ಬರೇ ತಿರಗೋ ತೂಕ, ಅದರ ಎಳತ ಕೌಂಟರ್‌ವೇಟ್ ಭಾಳಷ್ಟು ತೂಗತೈತಿ.

ಬೇಕಾದದ್ದು 30, ಸಿಕ್ಕದ್ದು 22. ಇಲ್ಲಿಗೆ ಬಂದಾಗ ಜಗಳ ಶುರು.

ಟಾಪ್‌ನ್ಯಾಗ ಕ್ರ್ಯಾಂಕ್ ಪಿನ್ನಿನ ಮ್ಯಾಲ ಬರೋ ಎಳತ ಕೆಜಿ ತೂಕದ ಲೆಕ್ಕದಾಗ ಹೇಳ್ತೀನಿ, ತಿಳಿಯಾಕ ಸಸಾರ. ಸ್ಟಾಕ್ ಎಂಜಿನ್ 7000ಕ್ಕ ಸುಮಾರು 1310 ಕೆಜಿ. ನಮ್ಮ ಸ್ಟ್ರೋಕರ್ ಹಳೇ ತೂಕದ ಪಿಸ್ಟನ್ ಇಟ್ಟಿದ್ರ 7000ಕ್ಕ 1387. ಹಗುರ ಸಾಮಾನು ಹಾಕಿದ ಮ್ಯಾಲ 7000ಕ್ಕ 1082. ಮಾಲೀಕ ಇದನ್ನ ನೋಡಿ ಕುಣದಾಡಿದ, ನೋಡ್ರಿ ಸ್ಟಾಕಿಗಿಂತಾ ಎಷ್ಟ ಕಮ್ಮಿ ಐತಿ, ಇನ್ನ 7800 ಮಾಡೂಣು ಅಂದ. 7800 ಮಾಡಿದ್ರ ಅದೇ 1082 ಹೋಗಿ 1343 ಅಕ್ಕೈತಿ, ಯಾಕಂದ್ರ ಎಳತ ಆರ್‌ಪಿಎಂನ ವರ್ಗದ ಲೆಕ್ಕದಾಗ ಏರ್ತೈತಿ. ಅಂದ್ರ ಸ್ಟಾಕ್ ಪಿನ್ ಹೊತ್ತದ್ದಕ್ಕಿಂತಾ ಹೆಚ್ಚಿನ ಭಾರ, ಸ್ಟಾಕಿಗಿಂತಾ 26 ಪರ್ಸೆಂಟ್ ಸೊರಗಿದ ಪಿನ್ನಿನ ಮ್ಯಾಲ. ನಮ್ಮ ಪಿನ್ ಸ್ಟಾಕಿನಷ್ಟೇ ನಿರಾಳ ಇರಬೇಕಂದ್ರ 1310ರ 74 ಪರ್ಸೆಂಟ್, 970 ಕೆಜಿ ದಾಟಬಾರದು. 6600ಕ್ಕ ಅದು 962. ಲಿಮಿಟರ್ (ಎಂಜಿನ್ ಅದಕ್ಕಿಂತಾ ಹೆಚ್ಚು ತಿರಗದಂಗ ತಡಿಯೋ ಮಿತಿ) 6600 ಅಂತ ಬರದ್ವಿ. ಪಿಸ್ಟನ್ನಿನ ಸರಾಸರಿ ವೇಗಾನೂ ಅಲ್ಲಿ 17.4 ಮೀಟರ್ ಪ್ರತಿ ಸೆಕೆಂಡ್, ಸ್ಟಾಕ್ 7000ಕ್ಕ 17.6, ಎರಡೂ ಒಂದೇ ಆಸುಪಾಸು.

ಇಷ್ಟ ರೊಕ್ಕ ಹಾಕಿ ರೆಡ್‌ಲೈನ್ ಕೆಳಗ ಇಳಸೂದಂದ್ರ ಯಾರಿಗೂ ಹೊಟ್ಟಿ ಉರೀತೈತಿ, ಅಂವಂದೇನೂ ತಪ್ಪಲ್ಲ. ಆದ್ರ ಮಣ್ಣಿನ್ಯಾಗ ಆಟೋಕ್ರಾಸ್ ಓಡ್ಸೂದು ಎರಡನೇ ಗೇರಿನ್ಯಾಗ, ಮೂಲಿ ಹೊರಳಿ ಹೊರಬರೋವಾಗ 3000ದಿಂದ 5500ರ ನಡುವ ಎಷ್ಟ ಜಗ್ಗತೈತಿ ಅನ್ನೋದರ ಮ್ಯಾಲೇ ಟೈಮ್ ನಿಂತೈತಿ, ಕಡೀ ಸಾವಿರ ಆರ್‌ಪಿಎಂ ಸದ್ದಿಗಷ್ಟೇ.

ಇನ್ನೊಂದು ವಿಷಯ ಇಲ್ಲೇ ಹೇಳ್ಬೇಕು, ಇಲ್ಲಂದ್ರ ಮ್ಯಾಲಿನ ಲೆಕ್ಕ ಅರ್ಧದ್ದು ಅಂತ ತಿಳದವರು ಹಿಡೀತಾರ. ಹಗುರ ಪಿಸ್ಟನ್ನು ಎಳತ ಕಮ್ಮಿ ಮಾಡ್ತೈತಿ, ಉರಿಯೋ ಗ್ಯಾಸ್ ಕೆಳಗ ತಳ್ಳೋ ಹೊಡತ ಕಮ್ಮಿ ಮಾಡಂಗಿಲ್ಲ. 74.5 ಬೋರಿನ ಪಿಸ್ಟನ್ ತಲಿ 43.6 ಚದರ ಸೆಂಟಿಮೀಟರ್, ಉರಿಯೋ ಗ್ಯಾಸಿನ ಒತ್ತಡ 60 ಬಾರ್ ಅಂತ ಹಿಡದ್ರ 2600 ಕೆಜಿಗೂ ಹೆಚ್ಚಿನ ತಳ್ಳಾಟ, ಅದು ಪಿಸ್ಟನ್ ಎಷ್ಟ ಹಗುರ ಇದ್ರೂ ಬರೂದೇ. ಜೋರು ಆರ್‌ಪಿಎಂದಾಗ ಪಿಸ್ಟನ್ನಿನ ಜಡತ್ವ ಇದರಾಗ ಸ್ವಲ್ಪ ತಿಂದ ಹಾಕತೈತಿ, ಕೆಳಗಿನ ಆರ್‌ಪಿಎಂಗೆ ಫುಲ್ ಥ್ರಾಟಲ್ ಕೊಟ್ರ ಪೂರಾ ಪಿನ್ನಿಗೇ. ಮತ್ತ ಚೇಂಬರ್ ಹಂಗೇ ಬಿಟ್ಟು ಸ್ಟ್ರೋಕ್ ಬೋರ್ ಏರಿಸಿದ್ರ ಕಂಪ್ರೆಷನ್ ತಾನಾಗೇ ಅರ್ಧ ಪಾಯಿಂಟಿನಷ್ಟು ಮ್ಯಾಲ ಹೋಗ್ತೈತಿ. ಇಂಥಾ ಕ್ರ್ಯಾಂಕಿಗೆ ಖರೇ ವೈರಿ ನಾಕಿಂಗ್, ಅಂದ್ರ ಪೆಟ್ರೋಲ್ ಮಿಶ್ರಣ ಹದ ತಪ್ಪಿ ಸ್ಫೋಟದಂಗ ಹೊತ್ತಿಕೊಳ್ಳೂದು. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮ್ಯಾಲ ಐತಿ, ಗಾಳಿ ತೆಳು, ಇಲ್ಲಿ ಟ್ಯೂನ್ ಮಾಡಿದಾಗ ಕಾಣಿಸದ ನಾಕಿಂಗ್ ಗಾಡಿ ಚೋರ್ಲಾ ಘಾಟ್ ಇಳದು ಗೋವಾ ಮುಟ್ಟಿದ ಮ್ಯಾಲ ಕಾಣಸ್ತೈತಿ. ಹಂಗಾಗಿ ಕಂಪ್ರೆಷನ್ ಏರಸಾಕ ಹೋಗ್ಲಿಲ್ಲ, ಪಿಸ್ಟನ್ ತಲಿಯೊಳಗ ಸ್ವಲ್ಪ ತಗ್ಗು ಕೇಳಿ 10ರ ಹತ್ರಾನೇ ನಿಲ್ಲಿಸಿದ್ವಿ, ಕ್ಲಿಯರೆನ್ಸ್ ವಾಲ್ಯೂಮ್ 38 ಸಿಸಿಗೆ ಸ್ವಲ್ಪ ಮ್ಯಾಲ, ಇಗ್ನಿಷನ್ ಟೈಮಿಂಗ್ ಟಾರ್ಕ್ ಪೀಕ್ ಸುತ್ತಮುತ್ತ ಎರಡು ಡಿಗ್ರಿ ಹಿಂದಕ್ಕ. ಡೈನೋ ಶೀಟಿನ್ಯಾಗ ಇದರಿಂದ ನಂಬರ್ ಕಮ್ಮಿ ಬರ್ತೈತಿ, ಬರ್ಲಿ.

ಕ್ರ್ಯಾಂಕ್ ಕೆಲಸದಾಗ ಒಂದು ಕ್ರ್ಯಾಂಕ್ ಹಾಳಾತು. ಹಾಳಾತು ಅನ್ನೋದಕ್ಕಿಂತಾ ಮೊದಲೇ ಹಾಳಾಗಿತ್ತು. ಕಲ್ಲು ಹಚ್ಚೋಕಿಂತಾ ಮುಂಚೆ ಮ್ಯಾಗ್ನೆಟಿಕ್ ಕ್ರ್ಯಾಕ್ ಟೆಸ್ಟ್ ಮಾಡಿಸಿದ್ವಿ, ಮೂರನೇ ಪಿನ್ನಿನ ಫಿಲೆಟ್‌ನ್ಯಾಗ (ಪಿನ್ನಿನ ಮೂಲಿಯ ದುಂಡು) ಕೂದಲೆಳಿಯಷ್ಟು ಗೆರಿ ಹೊಳೀತು, ಬರಿಗಣ್ಣಿಗೆ ಏನೂ ಇಲ್ಲ, ಓಡೋ ಗಾಡಿಯಿಂದ ಬಿಚ್ಚಿದ್ದು ಅಂತ ಮಾರಿದವರು ಖಾತ್ರಿ ಕೊಟ್ಟಿದ್ರು. ಗುಜರಿಗೆ ಹಾಕಿ ಇನ್ನೊಂದು ತಂದ್ವಿ. ಆ ಟೆಸ್ಟಿನ ಖರ್ಚು ಇಡೀ ಕೆಲಸದ ಮುಂದ ಚಹಾ ಖರ್ಚಿನಷ್ಟು, ಆದ್ರೂ ಬಿಡೋರೇ ಹೆಚ್ಚು.

ಗ್ರೈಂಡಿಂಗ್ ಮಾಡಿದ ಹಿರಿಯರು ನಾಲ್ಕೂ ಥ್ರೋ ಒಂದಕ್ಕೊಂದು 0.02 ಎಂಎಂ ಒಳಗ ತಂದ್ರು. ಸಾದಾ ಅಂಡರ್‌ಸೈಜ್ ಗ್ರೈಂಡಿಂಗಿಗೂ ಇದಕ್ಕೂ ಫರಕ್ ಇಲ್ಲೇ, ಸಾದಾದ್ರಾಗ ಪಿನ್ನಿನ ಹಳೇ ಮೈ ಹಿಡದು ಸೆಂಟರ್ ಹುಡುಕಬಹುದು, ಇಲ್ಲಿ ಹಳೇ ಮೈ ಸುಳ್ಳು ಹೇಳ್ತೈತಿ, ಮೇನ್ ಜರ್ನಲ್ಲಿನಿಂದ್ಲೇ ಅಳೀಬೇಕು, ಡಿಗ್ರೀನೂ ಕಾಯಬೇಕು. ಹೊಸಾ ಶೆಲ್ ಹಳೇದಕ್ಕಿಂತಾ ಅಗಲ ಕಮ್ಮಿ ಇದ್ದದ್ದು ಉಪಯೋಗಕ್ಕ ಬಂತು, ಪಿನ್ನಿನ ಎರಡೂ ಮೂಲಿಗೆ ದೊಡ್ಡ ರೇಡಿಯಸ್ ಬಿಡಾಕ ಜಾಗಾ ಸಿಕ್ತು. ಓವರ್‌ಲ್ಯಾಪ್ 1.85ಕ್ಕ ಇಳಿದ ಕ್ರ್ಯಾಂಕಿಗೆ ಈ ಮೂಲಿ ದುಂಡೇ ಜೀವ, ಬಿರುಕು ಹುಟ್ಟೂದೇ ಅಲ್ಲಿಂದ. ಆಯಿಲ್ ಹೋಲ್ ಬಾಯಿ ಹೊಸಾ ಮೈಗೆ ಓರೆ ಬಂದಿತ್ತು, ಅದನ್ನ ಕೈಲೇ ಚಾಂಫರ್ ಮಾಡಿ ಉಜ್ಜಿದ್ವಿ. ಆಮ್ಯಾಲೆ ನೈಟ್ರೈಡಿಂಗ್, ಸುಮಾರು 500 ಡಿಗ್ರಿ ಸುತ್ತಮುತ್ತ, ಹೊರಗ ಬಂದ ಮ್ಯಾಲ ನೆಟ್ಟಗ ಐತೋ ಇಲ್ಲೋ ಡಯಲ್ ಹಿಡದು ನೋಡಿ, ಮತ್ತ ಕ್ರ್ಯಾಕ್ ಟೆಸ್ಟ್, ಕಡೀಕ ಪಾಲಿಷ್ ಅಷ್ಟೇ. ಮತ್ತೊಮ್ಮೆ ಕಲ್ಲು ಹಚ್ಚಿದ್ರ ಆ ತೆಳು ಪದರ ಹೋಗ್ತೈತಿ. ಬೇರಿಂಗ್ ಕ್ಲಿಯರೆನ್ಸ್ 0.04 ಎಂಎಂ ಆಸುಪಾಸು.

ಜೋಡಣಿ ಬಗ್ಗೆ ಭಾಳ ಹೇಳೂದಿಲ್ಲ. ರಾಡ್ ಬೋಲ್ಟ್ ಟಾರ್ಕ್ ರೆಂಚಿನಿಂದ ಅಲ್ಲ, ಎಷ್ಟ ಹಿಗ್ಗೇತಿ ಅಂತ ಅಳದು ಬಿಗಿ ಮಾಡಿದ್ವಿ. ಪಿಸ್ಟನ್ ತಲಿ ಮ್ಯಾಲ ಕ್ಲೇ ಇಟ್ಟು ತಿರಗಿಸಿ ವಾಲ್ವ್ ದೂರ ನೋಡಿದ್ವಿ, ಸ್ಕ್ವಿಷ್ (ಪಿಸ್ಟನ್ ತಲಿಗೂ ಹೆಡ್ಡಿಗೂ ನಡುವಿನ ಸಂದು) ಗ್ಯಾಸ್ಕೆಟ್ ಹಿಡದು ಒಂದು ಎಂಎಂ. ಇನ್‌ಲೈನ್ ಫೋರ್ ಇರೋದ್ರಿಂದ ಬಾಬ್‌ವೇಟ್ (ರಾಡ್ ಪಿಸ್ಟನ್ ಬದಲು ಪಿನ್ನಿಗೆ ಕಟ್ಟೋ ತೂಕ) ಹಾಕಿ ಬ್ಯಾಲೆನ್ಸ್ ಮಾಡೋ ತಲಿಬ್ಯಾನಿ ಇಲ್ಲ, ಎರಡು ಮ್ಯಾಲ ಹೋದಾಗ ಎರಡು ಕೆಳಗ, ಮೊದಲನೇ ಹಂತದ ಅಲುಗಾಟ ತಾವೇ ಕಳಕೋತಾವ. ನಾಲ್ಕೂ ಸೆಟ್ ಒಂದು ಗ್ರಾಂ ಒಳಗ ತಂದು, ಕ್ರ್ಯಾಂಕ್, ಫ್ಲೈವೀಲ್, ಕ್ಲಚ್ ಕವರ್ ಕೂಡಿಸಿ ಡೈನಾಮಿಕ್ ಬ್ಯಾಲೆನ್ಸ್ ಮಾಡಿಸಿದ್ವಿ. ಕೌಂಟರ್‌ವೇಟ್ ಚಾಕು ಹಂಗ ಮೊನಚ ಮಾಡ್ರಿ ಅಂತ ಮಾಲೀಕ ಅಂದ, ಮುಟ್ಟಲಿಲ್ಲ. ಫ್ಲೈವೀಲ್ ಅಂಚಿನಿಂದ ಸ್ವಲ್ಪ ತಗದ್ವಿ, ಅಂಚಿಂದೇ ತಗೀಬೇಕು, ನಡುವಿಂದ ತಗದ್ರ ಲಾಭ ಇಲ್ಲ ಅಪಾಯ ಐತಿ.

ಉಳಿದದ್ದು ಎರಡನೇ ಹಂತದ ಅಲುಗಾಟ, ಅದು ಇನ್‌ಲೈನ್ ಫೋರ್‌ದಾಗ ಹೋಗಂಗಿಲ್ಲ. ಅದರ ಲೆಕ್ಕ ತೂಕ ಗುಣಿಸು ಥ್ರೋದ ವರ್ಗ ಭಾಗಿಸು ರಾಡ್ ಉದ್ದ. ಥ್ರೋ ಏರಿದ್ದಕ್ಕ ಎಂಟೂವರಿ ಪರ್ಸೆಂಟ್ ಹೆಚ್ಚಾಗಬೇಕಿತ್ತು, ತೂಕ 22 ಇಳದದ್ದಕ್ಕ ಒಟ್ಟಿನ್ಯಾಗ 15 ಪರ್ಸೆಂಟ್ ಕಮ್ಮಿನೇ ಆತು. ಇದು ಕಾಗದದ ಮ್ಯಾಲಿನ ಮಾತಲ್ಲ, ಮೊದಲು 5000 ದಾಟಿದಾಗ ಸ್ಟೀರಿಂಗಿನ್ಯಾಗ ಜುಮ್ ಅನ್ನೋ ಒಂದು ಸಣ್ಣ ನಡುಕ ಇತ್ತು, ಈಗ ಹುಡುಕಬೇಕು. ದೊಡ್ಡ ಸ್ಟ್ರೋಕ್ ಹಾಕಿದ ಮ್ಯಾಲ ಎಂಜಿನ್ ಮೊದಲಿಗಿಂತಾ ನುಣುಪು ಓಡತೈತಿ ಅಂದ್ರ ನಂಬಾಕ ಒಪ್ಪಂಗಿಲ್ಲ ಮಂದಿ.

ಓಡಸೂದರಾಗ ಏನ ಬದಲಾತು ಅಂದ್ರ, ಮೊದಲು ಬಿಗಿ ಮೂಲಿಯೊಳಗ ಒಂದನೇ ಗೇರಿಗೆ ಹೋಗಿ ಬರ್ತಿದ್ದ, ಈಗ ಎರಡರಾಗೇ ಜಗ್ಗಿಕೊಂಡ ಹೊರಗ ಬರ್ತಾನ. ಖಾನಾಪುರ ಕಡೆಯ ಕೆಂಪು ಮಣ್ಣು ಮಳೀಗೆ ತೊಯ್ದಾಗ ಇದು ಹೆಚ್ಚಿಗಿ ಗೊತ್ತಾಗ್ತೈತಿ, ಒಂದನೇ ಗೇರಿನ್ಯಾಗ ಚಕ್ರ ಸುಮ್ನ ತಿರಗತಿತ್ತು, ಎರಡರಾಗ ಹಿಡೀತೈತಿ. ಉದ್ದ ನೇರ ಇದ್ದ ಕಡೆ ಮಾತ್ರ 6600ಕ್ಕ ಲಿಮಿಟರ್ ತಾಗಿ ಅಂವ ಬೈತಾನ. ಥ್ರಾಟಲ್ ಬಿಟ್ಟು ಕೊಟ್ಟಾಗ ಎಂಜಿನ್ ಏರೂದು ಇಳಿಯೂದು ಎರಡೂ ಚುರುಕಾಗೇತಿ, ಅದರಾಗ ಫ್ಲೈವೀಲಿನ ಪಾಲೇ ದೊಡ್ಡದು, ಪಿಸ್ಟನ್ ಹಗುರ ಆದದ್ದಕ್ಕ ಅಂತ ಅಂವ ಎಲ್ಲಾರ ಮುಂದ ಹೇಳ್ಕೊಂತ ತಿರಗತಾನ, ಹೇಳ್ಲಿ.

ಒಂದು ಸೀಸನ್ ಓಡಿದ ಮ್ಯಾಲ ಪೂರಾ ಬಿಚ್ಚಿದ್ವಿ. ಏನೂ ಆಗಿರ್ಲಿಲ್ಲ, ಬಿಚ್ಚಬೇಕಂತ ಮೊದಲೇ ಮಾತಾಗಿತ್ತು. ಬಿಗ್ ಎಂಡ್ ಶೆಲ್ ನೋಡೂದೇ ಇದರಾಗಿನ ಮುಖ್ಯ ಕೆಲಸ, ಯಾಕಂದ್ರ ಕ್ಯಾಪ್ ಕಡೆಯ ಅರ್ಧ ಶೆಲ್ ಎಳತಾನ ಹೊರತೈತಿ, ರಾಡ್ ಕಡೆಯ ಅರ್ಧ ಹೊಡತಾನ ಹೊರತೈತಿ. ಕ್ಯಾಪ್ ಕಡೆಯ ನಾಲ್ಕೂ ಅರ್ಧ ಹೆಚ್ಚೂಕಮ್ಮಿ ಹೊಸಾವಿದ್ದಂಗ ಇದ್ದವು, ಬೂದು ಮೈ ಹಂಗೇ ಉಳದಿತ್ತು. ರಾಡ್ ಕಡೆಯವು ನಡುವ ಹೊಳಪ ಬಂದಿದ್ದವು, ಮೂರನೇದು ಉಳಿದವಕ್ಕಿಂತಾ ಒಂದೀಟು ಹೆಚ್ಚು. ಎಳತದ ಸಾಲ ತೀರೇತಿ, ಹೊಡತದ್ದು ಹಂಗೇ ಐತಿ, ಲೆಕ್ಕ ಹೇಳಿದ್ದೂ ಇದನ್ನೇ. ಪಿನ್ ಅಳತಿಯೊಳಗ ಹೇಳೂವಷ್ಟು ಫರಕ್ ಇಲ್ಲ, ಕ್ರ್ಯಾಕ್ ಟೆಸ್ಟಿನ್ಯಾಗ ಗೆರಿ ಇಲ್ಲ. ಪಿಸ್ಟನ್ ಸ್ಕರ್ಟ್ ಮ್ಯಾಲಿನ ಲೇಪ ಥ್ರಸ್ಟ್ ಕಡೆ ಸ್ವಲ್ಪ ಸವದಿತ್ತು, ರಾಡಿನ ಓರೆ ಕೋನ 18.3 ಡಿಗ್ರಿಯಿಂದ 19ಕ್ಕ ಏರಿದ್ದಕ್ಕ ಅಷ್ಟ ಇರೂದೇ. ಬೋರ್ ಸರಿ ಇತ್ತು. ಮೂರನೇ ಶೆಲ್ ಸಲುವಾಗಿ ಆ ಸಿಲಿಂಡರಿನ ಇಂಜೆಕ್ಟರ್ ಬಿಚ್ಚಿ ಫ್ಲೋ ನೋಡಿದ್ವಿ, ಉಳಿದವಕ್ಕಿಂತಾ ಸ್ವಲ್ಪ ಕಮ್ಮಿ ಸುರೀತಿತ್ತು, ಅಂದ್ರ ಅಲ್ಲಿ ಮಿಶ್ರಣ ತೆಳು, ಸಣ್ಣಗ ನಾಕಿಂಗ್ ಬರ್ತಿದ್ದಿರಬೇಕು. ನಾಲ್ಕೂ ಇಂಜೆಕ್ಟರ್ ಸ್ವಚ್ಛ ಮಾಡಿ ಹೊಂದಿಸಿದ್ವಿ.

ರೊಕ್ಕದ ಮಾತು: ಪಿಸ್ಟನ್ ಸೆಟ್ ಒಂದಕ್ಕೇ ಇಡೀ ಗಾಡಿ ಈಗಿನ ಪೇಟಿಯೊಳಗ ಬಾಳೂದಕ್ಕಿಂತಾ ಹೆಚ್ಚಾತು. 85 ಸಿಸಿ ಸಲುವಾಗಿ ಇಷ್ಟ ಮಾಡಬೇಕೇನು ಅಂದ್ರ, ರಸ್ತಾದ ಮ್ಯಾಲ ಓಡ್ಸೂ ಗಾಡಿಗೆ ಬ್ಯಾಡ, ಸ್ಟಾಕ್ ಕ್ರ್ಯಾಂಕಿಗೆ ಚಲೋ ಹೆಡ್ ಕೆಲಸ ಮಾಡಿಸ್ರಿ, ಕಮ್ಮಿ ರೊಕ್ಕದಾಗ ಮುಗೀತೈತಿ. ಕ್ಲಾಸ್ ಮಿತಿ ಐತಿ, ಕೆಳಗಿನ ಆರ್‌ಪಿಎಂದಾಗೇ ಜಗ್ಗಬೇಕು ಅನ್ನೋರಿಗೆ ಮಾತ್ರ ಇದರಾಗ ಅರ್ಥ ಐತಿ, ಅಂಥವರೂ ಪಿಸ್ಟನ್ ಆರ್ಡರ್ ಕೊಡೂಕಿಂತಾ ಮೊದಲು ಲಿಮಿಟರ್ ಎಷ್ಟು ಅಂತ ಬರದು ಗ್ವಾಡಿಗೆ ಹಚ್ಚಬೇಕು, ಆಮ್ಯಾಲೆ ಹಚ್ಚಿದ್ರ ಯಾರೂ ಕೇಳಂಗಿಲ್ಲ.

ಅದೇ ಕ್ರ್ಯಾಂಕ್, ಅದೇ ರಾಡ್, ಅದೇ ಪಿಸ್ಟನ್ ವಾಪಸ್ ಕೂಡ್ರಿಸೇವಿ, ಶೆಲ್, ರಿಂಗ್, ರಾಡ್ ಬೋಲ್ಟ್ ಹೊಸಾವು. ಮಾಲೀಕ ಈ ಸಲ 6900 ಕೇಳ್ಯಾನ. ಗಜನ್ ಪಿನ್ನಿಗೆ ಟೂಲ್ ಸ್ಟೀಲ್ ಹಾಕಿ ಗ್ವಾಡಿ ಇನ್ನೂ ತೆಳು ಮಾಡಿ 10 ಗ್ರಾಂ ಉಳಸಬಹುದು, ಉಳಸಿದ್ರ 970 ಕೆಜಿ ಒಳಗೇ ಹೆಚ್ಚಂದ್ರ 6700 ಬರ್ತೈತಿ. ಅಷ್ಟರ ಮ್ಯಾಲ ಬೇಕಂದ್ರ ಬ್ಯಾರೆ ಕ್ರ್ಯಾಂಕ್ ಬೇಕು, ಬಿಲೆಟ್‌ನಿಂದ (ಇಡೀ ಉಕ್ಕಿನ ತುಂಡು) ಕಡದದ್ದು, ಪಿನ್ 42ರದ್ದೇ, ಅದರ ರೇಟ್ ಕೇಳಿ ಬಂದಾನ, ಬಂದ ಮ್ಯಾಲ 6700 ಸಾಕು ಅಂದಾನ.